ಬೇಗ ಹೋದ ಬಂಗು

...‘ಈ ಸಿಸ್ಟರ್ ಕಣ್ಣಿಗೆ ಬಿದ್ದರೆ ಮಚ್ಚೆಯೂ ನಿಜ ಹೇಳಿಬಿಡುತ್ತದೆ’ ಎಂದರೋ, ಇನ್ನೇನೋ ಅಂದರೋ, ನನಗಿಂತ ಮುಂಚೆ ಮಾತಾಡಿದ ಡಾಕ್ಟರು. ಮೈಕು ಗೊರಗೊರ ಎನ್ನುತ್ತಿತ್ತು, ಪೂರ್ತಿ ಕೇಳಿಸಲಿಲ್ಲ. ನೀವೆಲ್ಲ ನಕ್ಕಿರಿ, ಹಾಗಾಗಿ ಹೊಗಳಿಕೆಯೇ ಇರಬೇಕು. ಬೀಳ್ಕೊಡುಗೆಯ ದಿನ ಯಾರೂ ಬೈಯುವುದಿಲ್ಲ. ಅದಕ್ಕೆ ನಾಳೆಯಿಂದ ಬೇಕಾದಷ್ಟು ಸಮಯವಿದೆ.

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಆಸ್ಪತ್ರೆಯ ಅಧೀಕ್ಷಕರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಚರ್ಮ ವಿಭಾಗದ ನನ್ನ ಒಡನಾಡಿಗಳೇ, ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ನೋಡುತ್ತಿರುವ ಹಿಂದಿನ ಸಾಲಿನ ಸಭಿಕರೇ,

ಹೆರಿಗೆ ವಿಭಾಗದಿಂದ ಕೆಲವು ಗರ್ಭಿಣಿಯರನ್ನೂ ಕರೆತಂದು ಇಲ್ಲಿ ಕೂರಿಸಿದ್ದಾರೆ. ನನ್ನ ಮಾತು ಕೇಳಲೆಂದೋ, ಕುರ್ಚಿ ತುಂಬಲೆಂದೋ, ನನಗೆ ಅನುಮಾನವಿದೆ. ಯಾವುದಕ್ಕಾದರೂ ಇರಲಿ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ನಾನು ಇಷ್ಟು ವರ್ಷ ಹೇಳುತ್ತಾ ಬಂದಿರುವ ಪಾಠವನ್ನೇ ಕೊನೆಯ ಸಲ ಹೇಳುತ್ತೇನೆ.

ಬಸಿರಿನಲ್ಲಿ ಮೈಬಣ್ಣ ಬದಲಾಗುತ್ತದೆ. ಹೊಟ್ಟೆಯ ನಡುವೆ ಕಪ್ಪು ಗೆರೆ ಮೂಡುತ್ತದೆ, ಕಂಕುಳು ಕಪ್ಪಾಗುತ್ತದೆ, ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಬಂಗು ಬರುತ್ತದೆ. ಅದು ಕೊಳೆಯಲ್ಲ, ಉಜ್ಜಬೇಡಿ. ರೋಗವಲ್ಲ, ಹೆದರಬೇಡಿ. ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತದೆ, ಆದ್ದರಿಂದ ಕೊಡೆ ಹಿಡಿಯಿರಿ, ಅಗಲ ಅಂಚಿನ ಟೋಪಿ ಹಾಕಿ, ಡಾಕ್ಟರು ಬರೆದುಕೊಟ್ಟ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿ ತಿಳಿಯಾಗುತ್ತದೆ. ಆಮೇಲೂ ಉಳಿದರೆ ನಮ್ಮ ಹತ್ತಿರ ಬನ್ನಿ. ಅಷ್ಟರೊಳಗೆ ಬೆಳ್ಳಗಾಗುತ್ತದೆಂದು ಯಾರಾದರೂ ಏನಾದರೂ ಕೊಟ್ಟರೆ? ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲದಿದ್ದರೆ? ಅನುಮಾನಪಡಿ. ಕೊಟ್ಟವರು ಒಳ್ಳೆಯವರಾಗಿದ್ದರೆ ಇನ್ನೂ ಹೆಚ್ಚು ಅನುಮಾನಪಡಿ. ಕೆಟ್ಟವರು ಕೊಟ್ಟದ್ದನ್ನು ನಾವು ಹೇಗೂ ಹಚ್ಚಿಕೊಳ್ಳುವುದಿಲ್ಲವಲ್ಲ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಳೆದ ತಿಂಗಳು ನಮ್ಮ ಮನೆಯಲ್ಲೇ ನಡೆದದ್ದನ್ನು ಉದಾಹರಣೆಯಾಗಿ ಹೇಳುವುದು ಒಳ್ಳೆಯದು.

ಅದಕ್ಕೂ ಮೊದಲು ನನ್ನ ಕಣ್ಣಿನ ವಿಚಾರ. ನಾನು ಈ ವಿಭಾಗಕ್ಕೆ ಹೊಸದಾಗಿ ಬಂದಾಗ ಹುಣ್ಣು ಕಂಡರೆ ಮುಖ ಕಿವುಚುತ್ತಿದ್ದೆ. ಆಗಿನ ಹೆಡ್ ಸಿಸ್ಟರ್ ನನ್ನನ್ನು ಸ್ಟೋರ್ ರೂಮಿಗೆ ಎಳೆದುಕೊಂಡು ಹೋಗಿ, “ಲೇ ಹುಡುಗಿ, ಅವರು ತಮ್ಮ ಕಾಯಿಲೆ ಎಷ್ಟು ಕೆಟ್ಟದು ಅಂತ ಡಾಕ್ಟರ ಚೀಟೀಲಿ ಓದಲ್ಲ, ನಿನ್ನ ಮೂತೀಲಿ ಓದ್ತಾರೆ. ಮೂತಿ ತೊಳೆದಿಟ್ಟ ತಟ್ಟೆ ಥರ ಇರ್ಲಿ” ಎಂದರು. ಕಲಿತೆ. ರೋಗಿಯನ್ನು ಕಿಟಕಿಯ ಬಳಿ ನಿಲ್ಲಿಸುವುದು, ಏಕೆಂದರೆ ಟ್ಯೂಬ್‌ಲೈಟು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಎರಡು ಬೆರಳಿನಿಂದ ಗಲ್ಲ ಎತ್ತುವುದು, ನೋಡುವುದು, ಮಾತಾಡದಿರುವುದು, ನಗದಿರುವುದು, ಹುಬ್ಬೂ ಅಲ್ಲಾಡಿಸದಿರುವುದು. ಹೊಸ ಸಿಸ್ಟರುಗಳಿಗೆ ನಾನು ಕಲಿಸಿದ್ದೂ ಅದನ್ನೇ. ನನ್ನ ಬೆನ್ನ ಹಿಂದೆ ನನಗೆ ‘ತಟ್ಟೆ’ ಎಂದು ಹೆಸರಿಟ್ಟಿದ್ದೀರಿ ಎಂಬುದೂ ಗೊತ್ತು. ಇಟ್ಟವರು ಯಾರೆಂಬ ಅನುಮಾನವೂ ಇದೆ, ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ನನ್ನ ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕನ್ನಡಿ ತಿರುಗಿಸಿ, ‘ಒಪ್ಪುತ್ತೆ ನೋಡಿ’ ಎನ್ನುವುದು ಅವಳ ಕೆಲಸ. ಆ ಅಂಗಡಿಯಲ್ಲಿ ಗೋಡೆಗಿಂತ ಕನ್ನಡಿಯೇ ಹೆಚ್ಚು. ಬಸಿರಿಗೆ ಐದು ತಿಂಗಳಾದಾಗ ಅವಳ ಎರಡೂ ಕೆನ್ನೆಗೆ ಬಂಗು ಹರಡಿತು. ನಾನು ಸನ್‌ಸ್ಕ್ರೀನ್ ತಂದುಕೊಟ್ಟೆ, ಟೋಪಿ ತಂದುಕೊಟ್ಟೆ. ಪ್ರತಿದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅಡುಗೆಮನೆಯ ಕಿಟಕಿಯ ಬಳಿ ನಿಲ್ಲಿಸಿ ನೋಡುತ್ತಿದ್ದೆ. ಬೇರೆಯವರಿಗೆ ಇಷ್ಟು ಮಾಡುವ ನಾನು ಮನೆಯವಳಿಗೆ ಮಾಡದಿದ್ದರೆ ಹೇಗೆ?

ಏಳನೆಯ ತಿಂಗಳಲ್ಲಿ ಬಂಗು ಮಾಯವಾಗತೊಡಗಿತು. ಎರಡು ವಾರವೂ ಹಿಡಿಯಲಿಲ್ಲ, ಮುಖ ತಿಳಿಯಾಯಿತು. ಬರೀ ತಿಳಿಯಲ್ಲ, ಒಂದು ಥರದ ಹೊಳಪು. ಮಗನಿಗೆ ಖುಷಿಯೋ ಖುಷಿ. “ನೋಡಮ್ಮಾ, ನಿನ್ನ ಔಷಧಿ ಹೇಗೆ ಕೆಲಸ ಮಾಡ್ತು!” ಎಂದ. ನಾನು ಕಿಟಕಿಯ ಬಳಿ ಅವಳ ಗಲ್ಲ ಎತ್ತಿ ನೋಡಿ “ಹೂಂ” ಎಂದೆ. ನನಗೆ ಹೆದರಿಕೆಯಾದದ್ದು ಆಗ. ಬಂಗು ಬಂದಾಗ ಅಲ್ಲ, ಹೋದಾಗ. ಸನ್‌ಸ್ಕ್ರೀನ್ ಬಂಗನ್ನು ಕಪ್ಪಾಗದಂತೆ ತಡೆಯುತ್ತದೆ, ಹೀಗೆ ಒರೆಸಿ ತೆಗೆಯುವುದಿಲ್ಲ. ಅದೂ ಬಸಿರಿನ ನಡುವೆ!

ಅವತ್ತಿನಿಂದ ನಾನು ಹುಡುಕಿದೆ. ಸ್ನಾನದ ಮನೆಯ ಗೂಡು ನೋಡಿದೆ, ದಿಂಬಿನ ಹೊದಿಕೆ ಮೂಸಿದೆ, ನಗಬೇಡಿ, ನೀವೂ ಮೂಸುತ್ತಿದ್ದಿರಿ. ಅವಳು ಫೋನಿನಲ್ಲಿ ತನ್ನ ಅಕ್ಕನ ಜೊತೆ ದನಿ ತಗ್ಗಿಸಿದರೆ ನಾನು ಕುಕ್ಕರಿನ ಕೆಳಗಿನ ಉರಿ ತಗ್ಗಿಸುತ್ತಿದ್ದೆ. ಕೊನೆಗೆ ಕಂಡದ್ದು ಅವಳ ಬೀರುವಿನಲ್ಲಿ, ಒಂದು ಕನ್ನಡಕದ ಡಬ್ಬಿ. ಅಂಗಡಿಯವಳ ಬೀರುವಿನಲ್ಲಿ ಅದು ಇರುವುದರಲ್ಲಿ ಏನು ವಿಶೇಷ ಎನ್ನುತ್ತೀರಿ. ಆದರೆ ಅವಳ ಕಣ್ಣು ಚೆನ್ನಾಗಿದೆ, ಮನೆಯಲ್ಲಿ ಕನ್ನಡಕ ಹಾಕುವವಳು ನಾನೊಬ್ಬಳೇ. ತೆರೆದೆ. ಒಳಗೆ ಚಪ್ಪಟೆಯ ಬಿಳಿ ಕ್ರೀಮ್ ಡಬ್ಬಿ, ಹೆಸರಿಲ್ಲ, ಊರಿಲ್ಲ, ಮೂಗಿಗೆ ಹತ್ತುವ ಗುಲಾಬಿ ವಾಸನೆ. ಒಂದು ಚೂರು ಪರೀಕ್ಷೆಗೆ ಕಳಿಸಿದೆ. ಪಾದರಸ ಇತ್ತು.

ಪಾದರಸ ಚರ್ಮದಿಂದ ಒಳಗಿಳಿಯುತ್ತದೆ, ಮಗುವಿಗೂ ಹೋಗುತ್ತದೆ. ಸಭೆಯಲ್ಲಿರುವ ಗರ್ಭಿಣಿಯರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ವರದಿ ಬಂದ ಸಂಜೆ ಊಟದ ಮೇಜಿನ ಮೇಲೆ ಡಬ್ಬಿ ಇಟ್ಟೆ.

“ಇದನ್ನ ಯಾರು ಕೊಟ್ರು?”

“ಅಂಗಡಿಗೆ ಬರೋ ಒಬ್ರು, ಅತ್ತೆ.”

“ಹೆಸರು?”

“ಬಂದೋರ ಹೆಸರೆಲ್ಲ ಕೇಳ್ತಾ ಕೂರೋಕಾಗುತ್ತಾ?”

“ಕ್ರೀಮ್ ಕೊಡೋಷ್ಟು ಸಲುಗೆ ಇದೆ, ಹೆಸರು ಮಾತ್ರ ಗೊತ್ತಿಲ್ಲ! ನಿಮ್ಮಕ್ಕ ತಾನೇ?”

“ನಮ್ಮಕ್ಕನ್ನ ಯಾಕೆ ಮಧ್ಯ ಎಳೀತೀರಾ?”

“ಅಮ್ಮಾ, ಇದು ಮನೆ. ಪೊಲೀಸ್ ಸ್ಟೇಷನ್ ಅಲ್ಲ,” ಎಂದ ಮಗ.

“ನೀನು ಸುಮ್ನಿರೋ. ನಿನ್ನ ಮೇಲೂ ನನಗೆ ಅನುಮಾನ ಇದೆ.”

ಈಗ ನೀವು ನಗುತ್ತಿದ್ದೀರಿ. ಅಲ್ಲಿ ಯಾರೂ ನಗಲಿಲ್ಲ. ಪಾದರಸ ಎಂದಾಗ ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. “ನನಗೆ ಗೊತ್ತಿರ್ಲಿಲ್ಲ” ಎಂದಳು. “ಗೊತ್ತಿರೋರು ಮನೇಲೇ ಇದ್ದರಲ್ಲ, ಕೇಳೋಕೇನಾಗಿತ್ತು?” ಎಂದೆ ನಾನು.

ಆಗ ಅವಳು ಹೇಳಿದ ಮಾತನ್ನು, ಅವಳು ಹೇಳಿದಂತೆಯೇ ಹೇಳುತ್ತೇನೆ. “ಯಾರನ್ನ ಕೇಳ್ಲಿ ಅತ್ತೆ? ದಿನಾ ಬೆಳಿಗ್ಗೆ ಗಲ್ಲ ಎತ್ತಿ ನೋಡ್ತಿದ್ರಿ. ಒಂದು ಮಾತಿಲ್ಲ, ಒಂದು ನಗು ಇಲ್ಲ. ನಿಮ್ಮ ಮುಖ ನೋಡಿದ್ರೆ, ನಾನೇನೋ ನೋಡಬಾರದ ಥರ ಆಗ್ಬಿಟ್ಟಿದೀನಿ ಅನ್ಸೋದು. ಅಂಗಡಿ ಕನ್ನಡಿಗಳೇ ವಾಸಿ. ಮುಖ ತಿಳಿ ಆದ್ಮೇಲಾದ್ರೂ ನಗ್ತೀರೇನೋ ಅಂದ್ಕೊಂಡೆ. ಆಗ್ಲೂ ‘ಹೂಂ’ ಅಂದ್ರಿ.”

ಮಾರನೆಯ ದಿನ ಅಕ್ಕನ ಮನೆಗೆ ಹೋದಳು. ಕ್ರೀಮ್ ಬಿಟ್ಟಿದ್ದಾಳೆ. ಬಂಗು ಮೊದಲಿಗಿಂತ ಕಪ್ಪಾಗಿ ತಿರುಗಿ ಬಂದಿದೆಯಂತೆ. ನಾನು ಹೋದಾಗ ಬಾಗಿಲು ಅರ್ಧ ತೆರೆದು, ಅದರ ಹಿಂದೆಯೇ ನಿಂತು ಮಾತಾಡಿದಳು. ಅವಳ ಮೈಯಲ್ಲಿ ಪಾದರಸ ಎಷ್ಟು ಉಳಿದಿದೆ ಎಂಬ ಪರೀಕ್ಷೆ ಈ ವಾರವೇ ಆಗಬೇಕು. ಅದರ ಸೌಲಭ್ಯವಿರುವುದು ನಮ್ಮ ಆಸ್ಪತ್ರೆಯಲ್ಲಿ ಮಾತ್ರ. “ಅಲ್ಲಿಗೆ ಬರಲ್ಲ” ಎಂದಳು. “ಅಲ್ಲಿ ಎಲ್ಲರೂ ನಿಮ್ಮ ಥರಾನೇ ನೋಡ್ತಾರೆ.”

ಆ ಬಾಗಿಲ ಮುಂದೆ ನಿಂತಾಗಲೂ ನಾನು ಯೋಚಿಸುತ್ತಿದ್ದುದು ಡಬ್ಬಿ ಕೊಟ್ಟವರು ಒಳಗೆ ಇದ್ದಾರೆಯೇ ಎಂದು. ಒಳಗಿನಿಂದ ಗುಲಾಬಿ ವಾಸನೆ ಬರುತ್ತಿದೆಯೇ ಎಂದು ಮೂಗು ಅರಳಿಸಿದ್ದೆ. ಇವತ್ತಿಗೂ ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಅಕ್ಕನೋ, ಗಿರಾಕಿಯೋ, ನನ್ನ ಮಗನೋ. ಅವನು ಮುಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದು ಕೂತಿದ್ದಾನೆ. ಅಮ್ಮನ ಭಾಷಣದ ನೆನಪಿಗೆ ಎನ್ನುತ್ತಾನೆ. ನಾನು ನಂಬುವುದಿಲ್ಲ. ಯಾರಿಗೋ ಕಳಿಸುವುದಕ್ಕೇ ಇರಬೇಕು.

ಎಷ್ಟು ಜನರ ಗಲ್ಲ ಎತ್ತಿದ್ದೇನೆ! ಅವರೆಲ್ಲ ಸಮಾಧಾನದಿಂದ ಹೋದರು ಎಂದುಕೊಂಡಿದ್ದೆ. ಏಕೆಂದರೆ ಯಾರೂ ಏನೂ ಹೇಳಲಿಲ್ಲ. ತಟ್ಟೆಯ ಹತ್ತಿರ ಯಾರು ಏನು ಹೇಳುತ್ತಾರೆ? ಹೊಸ ಸಿಸ್ಟರುಗಳೇ, ನಾನು ಕಲಿಸಿದ್ದರಲ್ಲಿ ಅದೊಂದನ್ನು ಇನ್ನೊಮ್ಮೆ ಯೋಚಿಸಿ. ಹುಣ್ಣು ನೋಡುವಾಗ ಅದು ಸರಿಯಿರಬಹುದು. ಹುಡುಗಿಯ ಮುಖ ನೋಡುವಾಗ... ನನಗೆ ಈಗ ಅನುಮಾನ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೂಗುಚ್ಛ ಕೊಟ್ಟವರಿಗೆ, ಕುರ್ಚಿ ಹಾಕಿದವರಿಗೆ, ಇಷ್ಟು ಹೊತ್ತು ಕೂತು ಕೇಳಿದ ನಿಮಗೆ, ಒಂದು ನಿಮಿಷವೂ ನನ್ನ ಮಾತು ಕೇಳದೆ ಚಹಾ ಕಾದವರಿಗೂ ನಾನು ಕೃತಜ್ಞಳು. ಎಲ್ಲರಿಗೂ ನಮಸ್ಕಾರ.

ಮೈಕು ಇನ್ನೂ ಆರಿಸಬೇಡಿ. ಮಗನೇ, ಫೋನು ಸರಿಯಾಗಿ ಹಿಡಿ, ಇದು ನಿನ್ನ ಹೆಂಡತಿಗೆ.

ಮಗೂ, ಕೊಟ್ಟವರು ಯಾರು ಅಂತ ನಾನಿನ್ನು ಕೇಳಲ್ಲ. ಪರೀಕ್ಷೆಗೆ ಬಾ. ನಾಳೆಯಿಂದ ಇಲ್ಲಿ ನನ್ನ ಡ್ಯೂಟಿ ಇಲ್ಲ, ನಿನ್ನ ಜೊತೆ ಬೆಂಚಿನ ಮೇಲೆ ಕೂರೋದಷ್ಟೇ ನನ್ನ ಕೆಲಸ. ಬೇಡ ಅಂದ್ರೆ ಗೋಡೆ ಕಡೆ ತಿರುಗಿ ಕೂರ್ತೀನಿ. ಆದ್ರೆ ನೀನು ಒಪ್ಪಿದ್ರೆ, ಒಂದೇ ಒಂದು ಸಲ, ಬಾಯಿ ತುಂಬ ಮಾತಾಡ್ತಾ, ನಿನ್ನ ಮುಖ ನೋಡ್ಲಾ?