ಜಂತಿಗೆ ತೂಗಿದ ಬೀಜದ ಗಡಿಗೆ

ಬಿಳಿಜೋಳ ಬೆಳೆಯುವ ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಅವನ ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷವಿಡೀ ಉಂಡರೂ ಮುಗಿಯದಷ್ಟು ಜೋಳ. ಅದೇ ಊರಲ್ಲಿ ತುಂಡು ಹೊಲದ ಒಬ್ಬ ತಾಯಿ. ಅವಳ ಮನೆಯ ಜೋಳ ಶ್ರಾವಣಕ್ಕೇ ತೀರಿತ್ತು.

ನೋಡಿ, ಆ ತಾಯಿ ಹೇಗೆ ಬಾಳಿದಳು! ಹಿಡಿ ಹಿಟ್ಟಿಗೆ ಉಡಿ ತುಂಬ ಸೊಪ್ಪು ಬೆರೆಸಿ ರೊಟ್ಟಿ ತಟ್ಟಿದಳು. ಮಕ್ಕಳಿಗೆ ಅಂಬಲಿ ಬಗ್ಗಿಸಿ, ತಾನು ಗಡಿಗೆ ತೊಳೆದ ನೀರು ಕುಡಿದಳು. ಪಕ್ಕದ ಮನೆಯಿಂದ ಬಟ್ಟಲು ಹಿಟ್ಟು ಕಡ ತಂದಳು; ಕಳೆ ತೆಗೆದ ಕೂಲಿ ಕಾಳು ಬಂದ ದಿನ ಅದೇ ಬಟ್ಟಲು ತುಂಬಿ ಹಿಂದಿರುಗಿಸಿದಳು. ಆ ಓಣಿಯಲ್ಲಿ ಒಂದೇ ಬಟ್ಟಲು ಮನೆಮನೆ ಸುತ್ತುತ್ತಿತ್ತು. ಇದು ಬರೀ ಬಡತನವೇ? ಅಲ್ಲ ತಾಯಂದಿರೇ, ಇದು ಸಂಸಾರದ ಜಾಣತನ. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಭಾದ್ರಪದದಲ್ಲಿ ಓಣಿಯ ಹಿಟ್ಟೆಲ್ಲ ಮುಗಿಯಿತು. ಆ ತಾಯಿ ಬಟ್ಟಲು ಹಿಡಿದು ಶ್ರೀಮಂತನ ಬಾಗಿಲಿಗೆ ಹೋದಳು.

"ನಿಮ್ಮನಿ ಜಂತಿಗೆ ಗಡಿಗಿ ತುಂಬ ಜೋಳ ತೂಗಬಿಟ್ಟೀ. ಮೊದಲ ಅದನ್ನ ತಿಂದು ಮುಗಸು!" ಎಂದ ಅವನು.

"ಅದು ಬೀಜದ್ದರೀ ಯಪ್ಪಾ. ಬೂದಿ ಸವರಿ, ಬೇವಿನೆಲಿ ಹಾಕಿ ಇಟ್ಟೀನಿ."

"ಜೋಳ ಅಂದ್ರ ಜೋಳ. ಅದರಾಗ ಬೀಜದ್ದ್ಯಾವುದು, ಹೊಟ್ಟೀದ್ದ್ಯಾವುದು?"

ಅವಳು ಬರಿ ಬಟ್ಟಲು ಹಿಡಿದು ಮರಳಿದಳು. ಅಂದು ಮಕ್ಕಳಿಗೆ ಬೇಯಿಸಿದ ಸೊಪ್ಪಷ್ಟೇ. ತಲೆಯ ಮೇಲೆ ಗಡಿಗೆ ತೂಗುತ್ತಿತ್ತು. ಅವಳು ಅದಕ್ಕೆ ಕೈ ಎತ್ತಲಿಲ್ಲ. ನೋಡಿ, ಕೈ ಎತ್ತಲಿಲ್ಲ!

ಹಿಂಗಾರಿ ಮಳೆ ಬಂತು. ಊರೆಲ್ಲ ಬಿತ್ತಿತು. ಶ್ರೀಮಂತನ ಮನೆಯಲ್ಲಿ ಪ್ರತಿ ಸುಗ್ಗಿಗೆ ತೆನೆ ಆರಿಸಿ ಬೀಜ ಕಟ್ಟುತ್ತಿದ್ದವಳು ಅವನ ತಾಯಿ. ಕಳೆದ ಸುಗ್ಗಿಗೆ ಮೊದಲೇ ಆಕೆ ತೀರಿಕೊಂಡಿದ್ದಳು; ಅವನಿಗೋ ಜೋಳ ಅಂದರೆ ಜೋಳ! ಹಗೇವಿನದನ್ನೇ ತೆಗೆದು ಬಿತ್ತಿದ. ನೆಲದೊಳಗೆ ಕಾವು ಕುಡಿದ ಕಾಳು ಉಣ್ಣಲು ರುಚಿ, ಮೊಳೆಯಲು ಸತ್ತದ್ದು. ಎಲ್ಲರ ಹೊಲ ಹಸಿರಾಯಿತು, ಇವನದು ಕಪ್ಪಗೇ ಉಳಿಯಿತು. ನೆಲದ ಹಸಿ ಆರುವುದರೊಳಗೆ ಮತ್ತೆ ಬಿತ್ತದಿದ್ದರೆ ವರ್ಷವೇ ಹೋಯಿತು.

ಈಗ ಯಾರು ಯಾರ ಬಾಗಿಲಿಗೆ ಹೋಗಬೇಕು?

ಆ ತಾಯಿ ತನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಶ್ರೀಮಂತನನ್ನು ನೋಡಿದಳು. ಬೆಳೆ ಕೆಟ್ಟರೆ ಮರುಬಿತ್ತನೆಗೆಂದು ಉಳಿಸಿದ್ದ ಬೀಜವನ್ನು ಇಳಿಸಿ ಅವನ ಚೀಲಕ್ಕೆ ಸುರಿದಳು. ಬಟ್ಟಲು ಹಿಡಿದು ಓಣಿಯೆಲ್ಲ ತಿರುಗಿದಳು; ಪ್ರತಿ ಮನೆಯಿಂದ ಒಂದೊಂದು ಬಟ್ಟಲು ಬೀಜ ಆ ಚೀಲಕ್ಕೆ ಬಿತ್ತು.

"ಈ ಋಣ ಹ್ಯಾಂಗ ತೀರಸಲಿ, ತಂಗೀ?" ಎಂದ ಅವನು.

"ಮುಂದಿನ ಭಾದ್ರಪದಕ್ಕ ಯಾರರೆ ಬಟ್ಟಲ ಹಿಡಕೊಂಡು ಬಂದ್ರ, ಅವರ ಮನಿ ಗಡಿಗಿ ನೋಡಬ್ಯಾಡಣ್ಣ."

ಶರಣರೇ, ನಾವೇನು ಕಡಿಮೆಯೇ? ಹಿಟ್ಟು ಕಡ ಕೇಳಲು ಬಂದವಳ ಕೊರಳಲ್ಲಿ ತಾಳಿ ಎಷ್ಟು ದಪ್ಪ, ಕೊಟ್ಟಿಗೆಯಲ್ಲಿ ಎಮ್ಮೆ ಎಷ್ಟು ಎಂದು ನೋಡುತ್ತೇವೆ. ಆ ಎಮ್ಮೆಯೂ ಬೀಜವೇ. ಅದನ್ನು ಮಾರಿ ತಿಂದು ಮುಗಿಸಿ ಬಾ ಎನ್ನಬೇಡಿ. ನಾಳೆ ನಿಮ್ಮ ಬಾಗಿಲಿಗೆ ಬಟ್ಟಲು ಬಂದರೆ ಪ್ರಶ್ನೆ ಬೇಡ. ಕೈಯಿಂದ ಸವರಿ ಸಮ ಮಾಡಿ ಅಳೆಯಲೂ ಬೇಡಿ. ಗೋಪುರದಂತೆ ತುಂಬಿ ಕೊಡಿ.