ಹಲ್ಲಿಲ್ಲದವರ ಪಾಠ

ದಂತವೈದ್ಯರ ಬಾಗಿಲ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಹೊಸ ಹಲ್ಲುಸೆಟ್ಟಿಗಾಗಿ ಕಾಯುತ್ತಿದ್ದ ಅಜ್ಜಿ. ಅವಳಿಗೊರಗಿ ಕೂತ ಮೊಮ್ಮಗಳಿಗೆ ಮುಂದಿನ ಹಾಲುಹಲ್ಲುಗಳಿಲ್ಲ; ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ.

“ಎಸ್, ಎಚ್ ಒಟ್ಟಿಗೆ ಬಂದ್ರೆ?” ಅಜ್ಜಿ ಕೇಳಿದಳು.

“ಶ್.”

“ಭೇಷ್! ಟಿ, ಎಚ್ ಬಂದ್ರೆ?”

“ಅದು ಬರಲ್ಲ ಅಜ್ಜಿ. ಹಲ್ಲಿನ ನಡುವೆ ನಾಲಿಗೆ ಇಟ್ಟು ಊದು ಅಂತಾರೆ ಮಿಸ್ಸು. ನಂಗೆ ಹಲ್ಲೆಲ್ಲಿದೆ?”

“ನಂಗೂ ಇಲ್ವಲ್ಲೇ, ಬೊಚ್ಚುಬಾಯಮ್ಮ. ಊದು, ನೋಡೋಣ.”

ಇಬ್ಬರೂ ಊದಿದರು. ಬರೀ ಗಾಳಿ ಬಂತು.

“ಕೂಗೋಕೆ ಮುಂಚೆ ಕುಕ್ಕರು ಹಿಂಗೇ ಬುಸುಗುಡತ್ತೆ ಅಲ್ವೇನೇ?” ಅಜ್ಜಿ ನಕ್ಕಳು.

ಮಗು ನಗಲಿಲ್ಲ. “ನಿಂಗೆ ಇವತ್ತೇ ಹಲ್ಲು ಬರತ್ತೆ. ನಾಳೆ ಕ್ಲಾಸಲ್ಲಿ ಓದೋವಾಗ ನಾನೊಬ್ಳೇ ಹಿಂಗೆ. ಎಲ್ರೂ ನಗ್ತಾರೆ.”

ನರ್ಸು ಬಾಗಿಲು ತೆರೆದು ಕರೆದಳು.

“ಹಲ್ಲು ಇನ್ನೊಂದು ವಾರ ನಿಮ್ಮ ಹತ್ರಾನೇ ಇರ್ಲಮ್ಮ,” ಎಂದಳು ಅಜ್ಜಿ.

“ಯಾಕಜ್ಜಿ, ಹೆದರಿಕೇನಾ?”

“ನಾಳೆ ಇವಳನ್ನ ಕ್ಲಾಸಿಗೆ ಬಿಡೋಕೆ ಹೋಗ್ತೀನಿ. ಇವಳ ಕಿಟಕಿ ನೋಡಿ ನಗೋರಿಗೆ ನನ್ನ ಹೆಬ್ಬಾಗಿಲನ್ನೂ ತೋರಿಸ್ಬೇಕಲ್ಲ!”

ಮಗು ಈಗ ಕಿಸಕ್ಕನೆ ನಕ್ಕಿತು. ಕೈಹಿಡಿದು ಮೆಟ್ಟಿಲಿಳಿಯುವಾಗಲೂ ಇಬ್ಬರದೂ ಊದಾಟ ಕೇಳುತ್ತಿತ್ತು.

“ಹಂಗಲ್ಲಜ್ಜಿ, ನಾಲಿಗೆ ಮೇಲ್ತುಟಿಗೆ ತಾಗಿಸು. ನೋಡು, ನಂಗೆ ಬಂತು! ನೀನಿನ್ನೂ ಕುಕ್ಕರ್ರೇ!”