ಕದ ತಟ್ಟದೆ ಒಳಗೆ ಹೋದವನು

ಎರಡು ಸಾವಿರದ ಆರನೇ ಇಸವಿಯ ಆ ಸಂಜೆ ತಾಂಡ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಹೊರಟವರಲ್ಲಿ ಒಬ್ಬರೂ ಒಣಬಟ್ಟೆಯಲ್ಲಿ ನಂಜನಗೂಡು ಮುಟ್ಟಿರಲಾರರು. ಮಳೆ ಹಾಗೆ ಹಿಡಿದುಕೊಂಡಿತ್ತು. ನಾನು ಬೈಕು ನಿಲ್ಲಿಸಿ ಸರ್ವಮಂಗಳಮ್ಮನ ಟೀ ಅಂಗಡಿಗೆ ನುಗ್ಗಿದಾಗ ಒಳಗೆ ಇಬ್ಬರು ಮಾತಿಗೆ ಕೂತಿದ್ದರು. ಒಬ್ಬರು ಟಿಂಕರ್ ಹುಚ್ಚಯ್ಯ. ನಲವತ್ತು ವರ್ಷ ನಂಜನಗೂಡಿನಲ್ಲಿ ನೆಗ್ಗಿದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡಿದ ಮುದುಕ. ಇನ್ನೊಬ್ಬ ಗೊಬ್ಬರದಂಗಡಿ ಗುರುಮಲ್ಲಪ್ಪನವರ ಮಗ ನಂಜೇಶ್. ಕವಲಂದೆಯಲ್ಲಿ ಯಾರೋ ಅರ್ಧಂಬರ್ಧ ಕಟ್ಟಿ ತೀರಿಕೊಂಡ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆಯಂತೆ. ನಾಳೆ ಅದಕ್ಕೆ ಮುಂಗಡ ಕೊಡಬೇಕು, ಅದಕ್ಕೂ ಮೊದಲು ನೀವೊಮ್ಮೆ ಬಂದು ಬಾಡಿ ತಟ್ಟಿ ನೋಡಿ ಎಂದು ಅವನು ಬೆನ್ನು ಬಿದ್ದಿದ್ದ. ಹುಚ್ಚಯ್ಯ ಗ್ಲಾಸು ಕೆಳಗಿಟ್ಟು ಬಾಯಿ ತೆರೆದರು.

ನಾನ್ ಬರಾಕಿಲ್ಲ ಕಣಪ್ಪ ನಂಜೇಶ. ಯಾಕೆ ಅಂತ ಯೋಳ್ತೀನಿ, ಕೇಳ್ಬುಟ್ಟು ಆಮೇಲೆ ತಕ್ಕೋ, ಬುಡು, ನಿನ್ನಿಷ್ಟ. ನೀವೂ ಕೂತ್ಕಳಿ ಸಾ, ಈ ಮಳೆ ಈಗ್ಲೇ ನಿಲ್ಲಾಕಿಲ್ಲ...

ತೊಂಬತ್ತೆಂಟನೇ ಇಸ್ವಿ. ನನ್ ಮಗಳು ಇಂದ್ರಾಣಿ ಮದ್ವೆ ಆಗಿ ಎಲ್ಡು ವರ್ಸ. ಅಳಿಯ ಪ್ರೇಮ್‌ಕುಮಾರ, ನಮ್ ಮನೇಲೇ ಇರೋನು, ಇದೇ ತಾಂಡ್ಯದಾಗೆ ಪ್ಯಾಕಿಂಗ್ ಕೆಲಸ. ಚಿನ್ನದಂಥ ಉಡುಗ. ಕುಡಿಯಾಕಿಲ್ಲ, ಬೀಡಿ ಮುಟ್ಟಾಕಿಲ್ಲ, ಮನೇಲಿ ಒಂದು ಬುದ್ಧನ ಪಟ ಮಡಿಕ್ಕಂಡು, ದೆವ್ವ ಗಿವ್ವ ಅಂದ್ರೆ ನಕ್ಬುಡೋನು. ಇದ್ದಿದ್ದು ಒಂದೇ ಉಚ್ಚು, ಕಾರು. ಆಗ ನರಸೀಪುರದಾಗೆ ಮಾದೇಶ ಅಂತ ಒಬ್ಬ ಲೇತ್ ಕೆಲಸದೋನು, ಅಳೇ ಕಾರಿನ ಚಾಸಿ ತಂದು, ನಾಕು ವರ್ಸ ಬೇರೆ ಗ್ಯಾನನೇ ಇಲ್ದೆ ಅದ್ರ ಮ್ಯಾಲೆ ಕುಂತು, ತಗಡು ಬಡ್ದು, ಫೈಬರ್ ಎರಕ ಉಯ್ದು, ಎಲ್ಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ವಟ್ಟೆ ತಾಗೋ ಅಂಗೆ ತಗ್ಗು... ಅಂಥ ಗಾಡಿ ಕಟ್ತಿದ್ದ. ಮುಗೀಲಿಲ್ಲ. ಕಾಮಾಲೆ ಬಂದು ಇಪ್ಪತ್ತೇ ದಿನಕ್ಕೆ ಓಗ್ಬುಟ್ಟ. ಅವ್ರವ್ವ ಮರಿತಾಯಮ್ಮ ಒಬ್ಳೆ ಉಳ್ಕಂಡ್ಳು. ಮುದುಕಿ ಗಾಡಿ ಮಾರ್ತಾಳಂತೆ, ಸೋಮವಾರ ಮೈಸೂರಿಂದ ಯಾರೋ ಬತ್ತಾರಂತೆ ಅಂತ ಸುದ್ದಿ ಬಂತು. ಅದ್ಕೇ ಪ್ರೇಮ, ಮಾವ, ಭಾನುವಾರನೇ ಓಗಿ ನೋಡ್ಬುಡುವ, ನೀ ಸರಿ ಅಂದ್ರೆ ತಕ್ಕತೀನಿ, ಬ್ಯಾಡ ಅಂದ್ರೆ ಬುಡ್ತೀನಿ ಅಂದ. ಆ ಭಾನುವಾರ ಮಾಲಯ ಅಮಾಸೆ. ಇರೀಕರ ಅಬ್ಬ. ಅವತ್ತು ಸತ್ತೋನ ಸಾಮಾನು ನೋಡಕ್ಕೆ ಯಾರಾದ್ರೂ ಓಯ್ತಾರ? ನಾನು ವಯಸ್ಸಾದೋನು, ಬುದ್ಧಿ ಯೋಳ್ಬೇಕಾಗಿತ್ತು. ಬಸ್ಸು ಅತ್ಕಂಡು ಕುಂತೆ.

ನಿಮ್ಮ ಮನೇಲಿ ಎಂಗೋ ಕಾಣೆ ನಂಜೇಶ, ನಮ್ಮಲ್ಲಿ ಎಡೆ ಮಡಗೋದು ಇಂಗೆ. ಸತ್ತೋರಿಗೆ ಏನಿಷ್ಟನೋ ಅದನ್ನ ಮಾಡಿ ಎಲೆಗೆ ಬಡ್ಸಿ, ಒಸ ಬಟ್ಟೆ, ಎಲೆ ಅಡಿಕೆ ಎಲ್ಲ ಮಡಗಿ, ಕದ ಆಕ್ಕಂಡು ಮನೆಯೋರೆಲ್ಲ ಆಚೆ ಬರ್ಬೇಕು. ಅವ್ರು ಬಂದು ಉಣ್ತಾರೆ. ಒಸಿ ಒತ್ತು ಬುಟ್ಟು ಮನೇಗೆ ದೊಡ್ಡೋರು ಕೆಮ್ಮಿ, ಮೂರ್ ಸಲ ಕದ ತಟ್ಟಿ, ನಿಂತು, ಆಮೇಲೆ ತೆಗೀಬೇಕು. ಸುಮ್ನೆ ತೆಗೆಯಂಗಿಲ್ಲ. ಯಾಕೆ? ಉಣ್ತಾ ಕುಂತೋರ್ನ ಅರ್ಧಕ್ಕೆ ಎಬ್ಬಿಸ್ಬಾರ್ದು. ಅರ್ಧಕ್ಕೆ ಎದ್ದೋರು ಬಂದ ದಾರೀಲಿ ವಾಪಸ್ ಓಗಾಕಿಲ್ಲ, ಎಬ್ಬಿಸ್ದೋರ ಇಂದೆ ಬತ್ತಾರೆ ಅಂತ ನಮ್ಮವ್ವ ಯೋಳೋಳು.

ನಾವು ಓದಾಗ ಮದ್ಯಾನ ಒಂದು ಗಂಟೆ. ಇತ್ಲಲ್ಲಿ ಶೀಟಿನ ಶೆಡ್ಡು, ಕದ ಮುಚ್ಕಂಡದೆ, ವಸ್ಲಿಗೆ ಅರಿಶಿನ ಕುಂಕುಮ ಇಟ್ಟದೆ. ಮೀನ್ ಸಾರಿನ ಗಮಲು ಸಂದೀಲಿ ಆಚೆ ಬತ್ತಾ ಅದೆ. ಮರಿತಾಯಮ್ಮ ಜಗಲಿ ಮ್ಯಾಲೆ ಕುಂತಿದ್ಲು. ನಮ್ಮನ್ನ ನೋಡಿ, ಕುಂತಿರಿ ಅಣ್ಣ, ಒಂದ್ಗಳಿಗೆ, ನೀರು ತತ್ತೀನಿ ಅಂತ ಒಳೀಕೋದ್ಲು. ನಂಗೆ ಗೊತ್ತಾಗೋಯ್ತು ಸಾ. ಮುದುಕಿ ಮಗನ ಎಡೆನ ಆ ಗಾಡಿ ಮುಂದೇನೇ ಮಡಗವ್ಳೆ. ಪ್ರೇಮ ಅಗುಳಿಗೆ ಕೈ ಆಕ್ದ. ನಾನು, ಲೇ ತಡೀಲಾ ಅನ್ಬೋದಾಗಿತ್ತು. ಓಗ್ಲಿ, ಒಂದ್ಸಲ ಕೆಮ್ಬೋದಾಗಿತ್ತು. ಕೆಮ್ಲಿಲ್ಲ... ಯಾಕೆ ಗೊತ್ತಾ? ನಂಗೂ ಆ ಗಾಡಿ ನೋಡೋ ಆಸೆ. ನಲವತ್ತು ವರ್ಸ ಕಂಡೋರ ಡಬ್ಬಾನೇ ಬಡ್ದೋನು ನಾನು.

ಕದ ತೆಗೆದ. ಎಂಥ ಗಾಡಿ ಅಂತೀಯ! ಮಡ್ಗಾರ್ಡ್ ಮ್ಯಾಲೆ ಕೈ ಆಡಿಸ್ದೆ, ಒಂದು ತರಿ ಇಲ್ಲ. ಒಳಗಡೆ ಬಗ್ಗಿ ಸುತ್ತಿಗೆ ಏಟು ಬಿದ್ದಿರೋ ದಿಕ್ಕು ನೋಡ್ದೆ, ಎಡಗೈಯೋನ ಕೆಲಸ. ಟಿಂಕರ್‌ಗೆ ಅದು ಗೊತ್ತಾಗ್ತದೆ. ಆಮೇಲೆ ಕೆಳೀಕ್ ನೋಡಿದ್ರೆ... ಎಲೆ ಮ್ಯಾಲೆ ರಾಗಿ ಮುದ್ದೆ ಮುರ್ದದೆ. ಎಡಗಡೆಯಿಂದ. ಒಂದು ತುತ್ತು ಮುರ್ದು ಸಾರಿಗೆ ಅದ್ದಿ, ಬಾಯಿಗೆ ಆಕ್ಕಳದೆ, ಎಲೆ ಅಂಚಿಗೆ ಬುಟ್ಟವ್ರೆ. ಶೆಡ್ಡಿಗೆ ಒಂದೇ ಬಾಕ್ಲು, ಕಿಟಕಿ ಇಲ್ಲ. ತಿರುಗಿ ನೋಡ್ತೀನಿ, ಪ್ರೇಮ ಆಗ್ಲೇ ಸೀಟಿನಾಗೆ ಕುಂತ್ಬುಟ್ಟವ್ನೆ. ಬಿಸಿ ಅದೆ ಮಾವ ಸೀಟು, ಯಾರೋ ಈಗ ಎದ್ದೋದಂಗೆ ಅಂತ ನಗ್ತಾ ಅವ್ನೆ.

ಮರಿತಾಯಮ್ಮ ಚೊಂಬು ಇಡ್ಕಂಡು ಬಾಕ್ಲಲ್ಲಿ ನಿಂತಿದ್ಲು. ಬಯ್ಲಿಲ್ಲ. ಎಲೆ ನೋಡಿದ್ಲು, ಸೀಟಲ್ಲಿರೋನ್ನ ನೋಡಿದ್ಲು. ಎಬ್ಬಿಸ್ಬುಟ್ರಾ ನನ್ ಮಗನ್ನ ಅಂದ್ಲು, ಅಷ್ಟೇ.

ಬ್ಯಾಡ ಈ ಗಾಡಿ ಅಂತ ಅಲ್ಲೇ ತೀರ್ಮಾನ ಮಾಡ್ದೆ. ತಕ್ಕಳದೇ ಇದ್ರೆ ಮುಗೀತಲ್ಲ ಅಂದ್ಕಂಡೆ. ಪ್ರೇಮ ಎದುರು ಮಾತಾಡ್ಲಿಲ್ಲ, ಅದೇ ವಿಚಿತ್ರ. ಬಸ್ಸಲ್ಲಿ ತಿರುವು ಬಂದಾಗೆಲ್ಲ ಅವ್ನ ಬಲಗಾಲು ಬ್ರೇಕ್ ಒತ್ತಂಗೆ ನೆಲ ಒತ್ತೋದು. ಮನೇಗ್ ಬಂದು ಉಣ್ಣಕ್ಕೆ ಕುಂತ್ರೆ ಎಡಗೈಲಿ ಮುದ್ದೆ ಮುರ್ದ. ನನ್ ಮಗಳು, ಇದೇನ್ರೀ ಅಂದ್ರೆ, ಕೈ ನೋಡ್ಕಂಡು ಬಲಗೈಗೆ ಬದ್ಲಾಯಿಸ್ದ. ಅವತ್ತು ಅವ್ನಿಗೂ ಭಯ ಆಯ್ತು, ನಾನ್ ನೋಡ್ದೆ. ಎಂಟು ದಿನ ಕಳೆದ ಮ್ಯಾಲೆ ಒಂದು ಬೆಳಿಗ್ಗೆ, ಮಾವ, ಆ ಗಾಡಿ ಇಂದ್ಗಡೆ ಬಲ ಚಕ್ರಕ್ಕೆ ಮೂರೇ ನಟ್ಟು, ನಾಕನೇದು ಅವ್ವನ ಸಾಸಿವೆ ಡಬ್ಬೀಲದೆ ಅಂದ. ಬರೀ ಅಷ್ಟೇ ಅಂದು ಕೆಲಸಕ್ಕೋದ. ನಾನು ನರಸೀಪುರಕ್ಕೆ ಓಡ್ದೆ. ಮರಿತಾಯಮ್ಮ ಡಬ್ಬಿ ಸುರುವಿದ್ಲು, ಸಾಸಿವೆ ಜೊತೆ ನಟ್ಟು ಬಿತ್ತು. ಅವಳಿಗೂ ಗೊತ್ತಿರ್ಲಿಲ್ಲ ಅದು ಅಲ್ಲಿರೋದು.

ಆಗ ಇನ್ನೊಂದು ತಪ್ಪು ಮಾಡ್ದೆ, ಮೊದಲ್ನೇದಕ್ಕಿಂತ ದೊಡ್ದು. ಆ ಗಾಡಿ ಇರೋದಕ್ಕೇ ಇವೆಲ್ಲ ಅಂತ, ಮುದುಕಿ ಕೈಕಾಲು ಇಡ್ದು, ಗುಜರಿಯೋನ್ನ ಕರ್ಸಿ, ಗ್ಯಾಸ್ ಕಟರ್‌ನಾಗೆ ಅದನ್ನ ತುಂಡು ತುಂಡು ಮಾಡಿಸ್ದೆ. ಸೀಟು ಮುರ್ಯೋವಾಗ ಟೈಮು ಅನ್ನೊಂದೂವರೆ. ಅದೇ ಅನ್ನೊಂದೂವರೆಗೆ ಇಲ್ಲಿ ಪ್ರೇಮ ಪ್ಯಾಕಿಂಗ್ ಬೆಲ್ಟ್ ಪಕ್ಕದಾಗೆ ಬಿದ್ದೋದ. ನೀರು ಚಿಮುಕ್ಸಿ ಎಬ್ಬಿಸ್ದಾಗ ಅವ್ವ ಎಲ್ಲಿ ಅಂದನಂತೆ. ಪ್ರೇಮನ ಅವ್ವ ಸತ್ತು ಅತ್ತು ವರ್ಸ ಆಗಿತ್ತು. ಒಬ್ಬ ಇದ್ದ ಮನೇನೇ ಕಿತ್ತಾಕ್ಬುಟ್ರೆ ಅವ್ನು ಇನ್ನೆಲ್ಲಿಗ್ ಓಗ್ಬೇಕು? ನೀನೇ ಯೋಳು. ಮಾದೇಶಂಗೆ ಪ್ರೇಮನ ಮಯ್ಯಿ ಬುಟ್ಟು ಇರಕ್ಕೆ ಜಾಗ ಇಲ್ದಂಗೆ ಮಾಡ್ದೋನು ನಾನೇ.

ಮುಂದಿನ ಮಾಲಯ ಅಮಾಸೆಗೆ ಕದ ತೆಗೆದ್ರೆ, ಮರಿತಾಯಮ್ಮ ನಮ್ಮ ಬಾಕ್ಲಲ್ಲಿ ನಿಂತವ್ಳೆ. ಕೈಲಿ ಮೀನ್ ಸಾರಿನ ಡಬ್ಬಿ, ಕಂಕುಳಲ್ಲಿ ಒಸ ಪಂಚೆ. ನನ್ ಮಗ ಈ ಮನೇಲವ್ನೆ, ಇನ್ನೆಲ್ಲಿ ಎಡೆ ಮಡಗ್ಲಿ ಅಂದ್ಲು. ನಾನು ಬಯ್ಯಕ್ಕೆ ಬಾಯಿ ತೆಗೆಯೋಕ್ ಮುಂಚೆ ಪ್ರೇಮ ಎದ್ದು ಒಳಗಿನ ರೂಮಿಗ್ ಓಗಿ ಗೋಡೆ ಕಡೆ ಮುಖ ಮಾಡಿ ಕುಂತ. ಬದುಕಿರೋ ಮನ್ಸ ಸಾ, ನನ್ ಮಗಳ ಗಂಡ, ಅವನ ಮುಂದೆ ಸತ್ತೋರ ಎಡೆ ಬಡ್ಸಿ ಕದ ಆಕ್ಕಂಡ್ಳು. ಆಚೆ ನಾವೆಲ್ಲ ಕುಂತಿದ್ವಿ, ಇಂದ್ರಾಣಿ ಸೆರಗು ಬಾಯಿಗಿಟ್ಕಂಡು ಅಳ್ತಿದ್ಲು. ಮುದುಕಿ ಕೆಮ್ಮಿ, ಮೂರ್ ಸಲ ತಟ್ಟಿ, ತೆಗೆದ್ಲು. ಎಲೆ ಖಾಲಿ. ಆಮೇಲೆ ವರ್ಸ ಪೂರ್ತಿ ಪ್ರೇಮ ಮೊದ್ಲಿನಂಗೇ ಇದ್ದ. ನಗೋನು, ನನ್ ಮೊಮ್ಮಗಳನ್ನ ಎಗಲ ಮ್ಯಾಲೆ ಕೂರಿಸ್ಕಂಡು ಸಂತೆಗ್ ಓಗೋನು. ಅದ್ಕೇ ನಾವೂ ಬುಟ್ವಿ, ವರ್ಸಕ್ಕೊಂದು ದಿನ ತಾನೇ ಅಂತ. ಇಂಗೆ ಏಳು ವರ್ಸ ನಡೀತು.

ಓದ್ ಬೇಸಿಗೇಲಿ ಮರಿತಾಯಮ್ಮ ತೀರ್ಕಂಡ್ಳು. ಮೊನ್ನೆ ಅಮಾಸೆಗೆ ನನ್ ಮಗಳೇ ಮೀನ್ ಸಾರು ಮಾಡಿ ಎಡೆ ಮಡಗಿದ್ಲು, ಇನ್ಯಾರು ಮಡಗ್ಬೇಕು? ಕೆಮ್ಮಿದ್ಲು. ಕದ ತಟ್ಟಿದ್ಲು. ಎಂಟು ವರ್ಸದಲ್ಲಿ ಒಂದಿನಾನೂ ಒಳಗಿಂದ ಮಾತು ಬಂದಿರ್ಲಿಲ್ಲ, ಅವತ್ತು ಬಂತು. ಯಾರವ್ವ ನೀನು? ನಮ್ಮವ್ವ ಯಾಕ್ ಬರ್ಲಿಲ್ಲ? ಅಂತು.

ಹುಚ್ಚಯ್ಯ ಗ್ಲಾಸಿನ ತಳದ ಟೀ ಹೊರಗೆ ಚೆಲ್ಲಿದರು. ರಸ್ತೆಯ ಕಡೆಯಿಂದ ಸ್ಕೂಟರಿನ ದೀಪವೊಂದು ಮಳೆಯಲ್ಲಿ ನಿಧಾನವಾಗಿ ಹತ್ತಿರ ಬಂದು ಅಂಗಡಿಯ ಮುಂದೆ ನಿಂತಿತು. ಇಳಿದವನು ರೇನ್‌ಕೋಟಿನ ಗುಂಡಿಗಳನ್ನು ಎಡಗೈಯಲ್ಲಿ ಬಿಚ್ಚುತ್ತಿದ್ದ. ಹುಚ್ಚಯ್ಯ ನಮ್ಮ ಕಡೆಗೆ ಬಾಗಿ, ದನಿ ತಗ್ಗಿಸಿದರು.

ನನ್ನ ಕರ್ಕಂಡೋಗಕ್ಕೆ ಬಂದವ್ನೆ. ಒಳ್ಳೇನು ಸಾ, ಮಳೆ ಬಂದ್ರೆ ಬತ್ತಾನೆ. ಒಳೀಕ್ ಬಂದ್ರೆ ಟೀ ಕೊಡ್ಸಿ, ಮಾತಾಡ್ಸಿ. ಎಸ್ರು ಇಡ್ದು ಮಾತ್ರ ಕೂಗ್ಬ್ಯಾಡಿ. ಮೊನ್ನೆ ಅಮಾಸೆಯಿಂದ ನಾನೂ ಕೂಗಿಲ್ಲ, ನನ್ ಮಗಳೂ ಕೂಗಿಲ್ಲ... ಪ್ರೇಮ ಅಂತ ಕೂಗಿ, ಅವ್ನು ತಿರುಗ್ದೆ ಓದ್ರೆ, ನನ್ ಮಗಳಿಗೆ ನಾನು ಏನಂತ ಯೋಳ್ಲಿ?